ಹೇಳುವವರ ಕುರ್ಚಿ

ಬಿಸಿಲು ಕುರ್ಚಿಯ ಎಡಗೈ ತನಕ ಬಂದಿದೆ, ಸರಿಯಾಗಿ ಆ ಬಿಳಿಚಿದ ಜಾಗದ ಮೇಲೇ, ಹೆಬ್ಬೆರಳಗಲದ ಜಾಗ, ಅಲ್ಲಿ ಪಾಲಿಶ್ ಹೋಗಿ ತೇಗದ ಮೈ ಕಾಣುತ್ತದೆ, ಎರಡು ವರ್ಷದಿಂದ ಶನಿವಾರ ಶನಿವಾರ ಅದನ್ನು ನೋಡುತ್ತಿದ್ದೇನೆ, ಒಮ್ಮೆಯೂ ಮುಟ್ಟಿಲ್ಲ — ಮುಟ್ಟುವ ಪ್ರಸಂಗವೇ ಬರಲಿಲ್ಲ, ನಾನು ಕೂರುವುದು ಈ ಬಿದಿರಿನ ಮೋಡಾದ ಮೇಲೆ, ಬೆನ್ನಿಲ್ಲದ ಪೀಠ, ಮೊಣಕಾಲಿಗಿಂತ ಗಿಡ್ಡ, ಇಲ್ಲಿ ಕೂತರೆ ಮೊದಲು ಕಣ್ಣಿಗೆ ಬೀಳುವುದು ಕುರ್ಚಿಯ ಕೈ, ಅದರ ಮೇಲೆ ಎದುರಿನವರ ಹೆಬ್ಬೆರಳು, ಒಳಗಿನದನ್ನು ಹೊರಗೆ ಹಾಕುವ ಮೊದಲು ಎಲ್ಲರೂ ಅಲ್ಲೇ ಉಜ್ಜುತ್ತಾರೆ, ಗಂಡಸರು ಜೋರಾಗಿ, ಹೆಂಗಸರು ಮೆಲ್ಲಗೆ, ಯಾರಿಗೂ ತಾವು ಉಜ್ಜುತ್ತಿದ್ದೇವೆ ಅಂತ ಗೊತ್ತಿರುವುದಿಲ್ಲ. ಗಂಟೆ ಹತ್ತೂವರೆ. ಹನ್ನೊಂದಕ್ಕೆ ರೋಹಿತ ಬರುತ್ತಾನೆ. ಬಂದ ಮೇಲೆ ನಾನು ಅವನಿಗೆ ಹೇಳಬೇಕು, ನೀನು ನನ್ನನ್ನು ನಂಬಿ ಹೇಳಿದ ಮಾತನ್ನು ಈ ಕೋಣೆಯಿಂದ ಹೊರಗೆ ಹಾಕಿದವಳು ನಾನೇ ಕಣಪ್ಪ, ಸುಮತಿ ಅಕ್ಕ ಅಲ್ಲ, ನಾನು, ಕೃಪಾ, ಮೈಸೂರಿನವಳು, ವಾರವೆಲ್ಲ ಮಾದಾಪುರದ ಗಾಜಿನ ಕಟ್ಟಡದಲ್ಲಿ ಹೊಸಬರಿಗೆ ಇಂಗ್ಲಿಷ್ ಮಾತಾಡಲು ಕಲಿಸಿ ಶನಿವಾರ ಅಬಿಡ್ಸ್‌ಗೆ ಬಂದು ಜನರ ಪಾಪ ಕೇಳುವ ದೊಡ್ಡ ಮನುಷ್ಯಳು. ಥೂ. ಇಷ್ಟು ಹೇಳುವುದಕ್ಕೆ ಎಷ್ಟು ಉಸಿರು ಬೇಕು, ಒಂದು ಉಸಿರು ಸಾಕು.

ಹೊರಗೆ ಪಡಸಾಲೆಯಲ್ಲಿ ಸುಮತಿ ಅಕ್ಕ ಪುಂಡಿಪಲ್ಯ ಸೋಸುತ್ತ ಕೂತಿದ್ದಾರೆ, ಎಲೆ ಕಿತ್ತು ಕಡ್ಡಿ ಎಸೆಯುವ ಸದ್ದು ಕೇಳುತ್ತಿದೆ, ಟಕ್, ಟಕ್, ಅದರಾಚೆ ಅಂಚೆ ಕಚೇರಿ ಕಡೆಯ ಆಟೋಗಳ ಗದ್ದಲ, ಚರ್ಚಿನ ಹಿಂದಿನ ಈ ಕೋಣೆಗೆ ಯಾರೋ ಪುಣ್ಯಾತ್ಮರು ಕ್ರೈಸ್ತ ಆಪ್ತಸಮಾಲೋಚನಾ ಕೇಂದ್ರ ಅಂತ ಬೋರ್ಡು ಹಾಕಿಸಿದ್ದಾರೆ, ಕನ್ನಡ ತೆಲುಗು ಎರಡರಲ್ಲೂ, ಅಕ್ಕನ ಬಾಯಲ್ಲಿ ಮಾತ್ರ ಇದು ಖೋಲಿ, ಬರೇ ಖೋಲಿ. ರಾಯಚೂರು ಕಡೆಯ ಮಿಷನ್ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸಾಗಿದ್ದವರು, ನಿವೃತ್ತಿಯಾಗಿ ಮಗಳ ಊರೆಂದು ಹೈದರಾಬಾದಿಗೆ ಬಂದರು, ತೆಲುಗಿನವರ ಆರಾಧನೆ ಮುಗಿದ ಮೇಲೆ ಕೂಡುವ ನಮ್ಮ ನಲವತ್ತು ಮಂದಿಯ ಕನ್ನಡ ಸಭೆಗೆ ಸೇರಿದರು, ಯಾರೋ ಒಬ್ಬರು ಬಂದು ಅತ್ತರು, ಇನ್ನೊಬ್ಬರು ಬಂದು ಅತ್ತರು, ಹಾಗೆ ಶುರುವಾಯಿತಂತೆ. ಆಪ್ತಸಮಾಲೋಚನೆಯಲ್ಲಿ ಡಿಪ್ಲೊಮಾ ಮಾಡಿದವಳು ನಾನು, ಅಕ್ಕನ ಹತ್ತಿರ ಒಂದು ಕಾಗದವೂ ಇಲ್ಲ, ಮೊದಲ ದಿನ ನಾನು ದಪ್ಪ ನೋಟುಬುಕ್ಕು ಹಿಡಿದು ಬಂದಿದ್ದೆ, ಬಂದವರು ಹೇಳಿದ್ದನ್ನು ಬರೆದಿಡಬೇಕಲ್ಲ, ಹಾಗೇ ಕಲಿಸಿದ್ದರು, ಅಕ್ಕ ಅದನ್ನು ತೆಗೆದುಕೊಂಡು ಮೋಡಾದ ಒಂದು ಕುಂಟು ಕಾಲಿನ ಕೆಳಗೆ ಇಟ್ಟರು, ಇವತ್ತಿಗೂ ಅಲ್ಲೇ ಇದೆ, ಪುಟ ಖಾಲಿ. ನಾ ನರ್ಸಿನ ಬುದ್ಧೀಲೆ ಹೇಳತೀನವಾ, ಗಾಯದ ಬಟ್ಟಿ ಬಿಚ್ಚತೀವಿ, ತೊಳೀತೀವಿ, ತಿರುಗಿ ಕಟ್ಟತೀವಿ, ಹೊರಗ ಹೋಗಿ ನಾಲ್ಕು ಮಂದಿಗೆ ಹಿಂಗ ಕೀವು ಇತ್ತು ಅಂತ ಹೇಳತೀವೇನು? ಇಲ್ಲ ಅಕ್ಕಾ ಅಂದಿದ್ದೆ. ಬಾಯಿ ತುಂಬ ಅಂದಿದ್ದೆ.

ಮತ್ತೆ ಈ ಕುರ್ಚಿ, ಈ ಮೋಡಾ. ಅದೂ ಆ ಮೊದಲ ದಿನವೇ. ಕಲಿತವಳಲ್ಲವೇ ನಾನು, ಸೀದಾ ಕುರ್ಚಿಗೇ ಹೋಗಿ ಕೂರಹೊರಟೆ, ಅಕ್ಕ ನಕ್ಕರು, ತಡಿಯವಾ ಯವ್ವಾ, ಹೇಳಾವ್ರು ಮ್ಯಾಲ, ಕೇಳಾವ್ರು ಕೆಳಗ, ಈ ಖೋಲಿಯ ಕಾಯ್ದೆ ಇದೊಂದ. ಯಾಕೆ ಅಂತ ಕೇಳಿದರೆ, ಪಾಪ ಹೇಳಾಕ ಬಂದಾವ ಮೊದಲ ಅರ್ಧ ಸಣ್ಣಾವಾಗಿ ಬಂದಿರತಾನ, ಇನ್ನ ನಾವು ಎತ್ತರದಾಗ ಕುಂತರ ಇರೋ ಅರ್ಧನೂ ಹೋಗತಾನ. ಎಲ್ಲರಿಗೂ ಇದೇ ಕಾಯ್ದೆ, ಲ್ಯಾಪ್‌ಟಾಪ್ ಚೀಲ ಹೊತ್ತು ಬರುವವರಿಗೂ ಗಾರೆ ಕೆಲಸದವರಿಗೂ. ಸೂಗಪ್ಪ ಬಂದ ದಿನ ನೆನಪಾದರೆ ಈಗಲೂ ನಗು, ಹೈಟೆಕ್ ಸಿಟಿಯ ಹತ್ತಿರ ಏಳುತ್ತಿರುವ ಯಾವುದೋ ಕಟ್ಟಡದಲ್ಲಿ ಗಾರೆಯವನು, ಚಪ್ಪಲಿ ಹೊರಗೆ ಬಿಟ್ಟು ಬಂದು ನೆಲದ ಮೇಲೆ ಕೂತೇಬಿಟ್ಟ, ಬ್ಯಾಡ್ರಿ ಅಕ್ಕಾರ, ನಾ ಇಲ್ಲೇ ಚಲೋ ಅದೀನ್ರಿ, ಮೈತುಂಬ ಸಿಮಿಟ್ ಐತ್ರಿ. ಅಕ್ಕ ಮೋಡಾ ಬಿಟ್ಟು, ಸೊಂಟ ಹಿಡಿದುಕೊಂಡು, ಅವನೆದುರು ನೆಲಕ್ಕೆ ಕೂತರು, ನೋಡು ಸೂಗಪ್ಪಾ, ನೀ ನೆಲಕ್ಕ ಕುಂತಿ, ನಾನೂ ಕುಂತೆ, ಇನ್ನ ನಿನಗಿಂತ ಕೆಳಗ ಹೋಗಬೇಕಂದ್ರ ತಗ್ಗು ತೋಡಬೇಕಾಗತೈತಿ, ನನ್ನ ಮೊಣಕಾಲಿಗೆ ಅಷ್ಟ ತ್ರಾಣಿಲ್ಲ, ಏಳೋ ಎಪ್ಪಾ. ಅವನು ಎದ್ದು ಕುರ್ಚಿಯ ತುದಿಯಲ್ಲಿ ಕೂತ, ಪೂರ್ತಿ ಕೂತಿದ್ದು ಅರ್ಧ ಗಂಟೆ ಆದ ಮೇಲೆ. ಅವನು ಏನು ಹೇಳಿದ ಅನ್ನುವುದನ್ನು ನಾನು ಮನಸ್ಸಿನಲ್ಲೂ ಹೇಳಿಕೊಳ್ಳುವುದಿಲ್ಲ, ಈಗ ಬುದ್ಧಿ ಬಂದಿದೆ, ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರಲ್ಲ ಹಾಗೆ. ಅಕ್ಕ ಕೊನೆಗೆ ಕೇಳಿದ್ದನ್ನು ಮಾತ್ರ ಹೇಳಿಕೊಳ್ಳಬಹುದು, ಎಲ್ಲರನ್ನೂ ಅದನ್ನೇ ಕೇಳುತ್ತಾರೆ — ಹಂಗಾರ ಯಾರ ಮನಿಗೆ ಹೋಗಬೇಕು ಈಗ? ದೇವರು ಎಲ್ಲಿ ಹೋಗೂದಿಲ್ಲ, ಇಲ್ಲೇ ಇರತಾನ, ಮೊದಲ ಆ ಮನಿಗೆ ಹೋಗಿ ಬಾ. ಸೂಗಪ್ಪ ಹೋದ. ಮುಂದಿನ ವಾರ ಹೆಂಡತಿ ಗದಿಗೆಮ್ಮನ ಜೊತೆ ಬಂದು ಅಕ್ಕನಿಗೆ ಸಜ್ಜೆರೊಟ್ಟಿ ಕೊಟ್ಟು ಹೋದ, ಹನ್ನೆರಡು ರೊಟ್ಟಿ, ನನಗೂ ಎರಡು ಸಿಕ್ಕವು.

ಹತ್ತೂ ನಲವತ್ತು. ಫೋನ್ ಬೀಪ್ ಅಂದಿತು, ಅವನದೇ ಇರಬೇಕು, ಬರುವುದಿಲ್ಲ ಅಂತ ಇರಬೇಕು, ಇರಲಿ ಅಂತ ಒಂದು ಹಾಳು ಆಸೆ — ಅಲ್ಲ, ಕಾಲರ್ ಟ್ಯೂನಿನ ಜಾಹೀರಾತು. ಎರಡು ವಾರದ ಹಿಂದಿನ ಶನಿವಾರ ರೋಹಿತ ಬಂದಾಗ ಅಕ್ಕ ಇರಲಿಲ್ಲ, ಜ್ವರ ಅಂತ ಮನೆಯಲ್ಲಿದ್ದರು, ಅವನು ನನ್ನೆದುರೇ ಕೂತ, ಉಡುಪಿ ಕಡೆಯ ಹುಡುಗ, ನಮ್ಮ ಸಭೆಯಲ್ಲಿ ಕರಾವಳಿಯವನು ಅಂತ ಇರುವವನೇ ಅವನೊಬ್ಬ, ಇಪ್ಪತ್ತಾರು ವರ್ಷ, ಉದ್ದ ಕಾಲು, ಹೆಬ್ಬೆರಳು ಆ ಬಿಳಿಚಿದ ಜಾಗದ ಮೇಲೆ. ಕೃಪಕ್ಕ, ನಾನು ಈ ಕೆಲಸಕ್ಕೆ ಸೇರಿದ್ದೇ ಸುಳ್ಳು ಅನುಭವಪತ್ರ ಕೊಟ್ಟು ಮಾರಾಯ್ರೆ, ಎರಡು ವರ್ಷ ಕೆಲಸ ಮಾಡಿದ್ದೇನೆ ಅಂತ, ಇಲ್ಲದೇ ಇರುವ ಕಂಪನಿಯದ್ದು, ಅಮೀರ್‌ಪೇಟೆಯಲ್ಲಿ ಮಾಡಿಕೊಟ್ಟರು. ಈ ಊರಲ್ಲಿ ಇದೇನು ಹೊಸದಲ್ಲ ಅಂದುಕೊಂಡೆ ನಾನು, ಎಷ್ಟು ಜನ ಹಾಗೇ ಒಳಗೆ ಹೋಗಿ ಇವತ್ತು ಮ್ಯಾನೇಜರುಗಳಾಗಿದ್ದಾರೆ. ಅವನನ್ನು ತಿನ್ನುತ್ತಿದ್ದದ್ದು ಬೇರೆ. ಕಳೆದ ತಿಂಗಳು ಅವನನ್ನೇ ಸಂದರ್ಶನ ಮಾಡುವುದಕ್ಕೆ ಕೂರಿಸಿದ್ದರಂತೆ, ಭೀಮಾಶಂಕರ ಅಂತ ಕಲಬುರಗಿ ಕಡೆಯ ಹುಡುಗ ಬಂದ, ಫೈಲು ತೆರೆದರೆ ಅದೇ ನೀಲಿ ಅಕ್ಷರದ ಹೆಸರು, ಅದೇ ಸಹಿ, ತನ್ನ ಕಾಗದದಲ್ಲಿದ್ದ ಅದೇ ಸಹಿ. ನಾನು ಅವನನ್ನು ಹಿಡಿದುಹಾಕಿದೆ ಅಕ್ಕ, ಇದು ಫೇಕ್ ಅಂತ ಬರೆದೆ, ನನಗಲ್ಲದೆ ಇನ್ನು ಯಾರಿಗೆ ಗೊತ್ತಾಗಬೇಕು ಹೇಳಿ, ಅವನು ಥ್ಯಾಂಕ್ಯೂ ಸರ್ ಅಂದು ಹೋದ. ಹೆಬ್ಬೆರಳು ನಿಂತಿತ್ತು. ನಾನು ಅಕ್ಕನ ಪ್ರಶ್ನೆಯನ್ನೇ ಕೇಳಿದೆ, ಯಾರ ಹತ್ತಿರ ಹೋಗಬೇಕು ಈಗ. ಮ್ಯಾನೇಜರ್ ಹತ್ತಿರ, ಅಂದ, ನಾಡಿದ್ದಲ್ಲ, ಅದರಾಚೆಯ ಸೋಮವಾರ ಅವರು ಚೆನ್ನೈನಿಂದ ಬರುತ್ತಾರೆ, ಬಂದ ತಕ್ಷಣ. ಆಮೇಲೆ ತಾನಾಗಿಯೇ, ಭೀಮಾಶಂಕರನ ಹತ್ತಿರವೂ ಹೋಗ್ಬೇಕು, ಅಂದ. ಎಂಥ ಹುಡುಗ ದೇವರೇ. ನನ್ನ ಕಣ್ಣು ತುಂಬಿ ಬಂತು, ಮೋಡಾದ ಮೇಲೆ ಕೂತು ಅವನನ್ನು ತಲೆಯೆತ್ತಿ ನೋಡಿದೆ, ನಿಜವಾಗಿಯೂ ಅವನು ಎತ್ತರದಲ್ಲಿದ್ದ.

ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು ನಿನಗೆ, ಬಾಯಿಗೆ ಬೀಗ ಇರಲಿಲ್ಲವೇ. ಬುಧವಾರ ಸಂಜೆ ಶೋಭಾ ಆಂಟಿಯ ಮನೆಯಲ್ಲಿ ಮನೆಪ್ರಾರ್ಥನೆ, ಬಾಲಾನಗರದ ಕ್ವಾರ್ಟರ್ಸು, ಹದಿನಾಲ್ಕು ಜನ ಚಾಪೆಯ ಮೇಲೆ, ಒಬ್ಬೊಬ್ಬರೂ ಪ್ರಾರ್ಥನಾ ವಿಷಯ ಹೇಳುವುದು ಪದ್ಧತಿ, ಪಾರ್ವತೆಮ್ಮನವರ ಸಕ್ಕರೆ ಕಾಯಿಲೆ, ಮಾಣಿಕಪ್ಪನವರ ಮಗಳ ಪರೀಕ್ಷೆ, ಆಮೇಲೆ ನನ್ನ ಸರದಿ. ಹೆಸರು ಹೇಳುವುದಿಲ್ಲ, ಅಂದೆ — ಅದೇ ದೊಡ್ಡ ಎಚ್ಚರಿಕೆ ಅಂದುಕೊಂಡೆ — ಒಬ್ಬ ಸಹೋದರರಿದ್ದಾರೆ, ಕರಾವಳಿಯವರು, ಸುಳ್ಳು ಪತ್ರ ಕೊಟ್ಟು ಕೆಲಸಕ್ಕೆ ಸೇರಿದ್ದರು, ಸೋಮವಾರ ಮೇಲಿನವರೆದುರು ತಾವಾಗಿ ಒಪ್ಪಿಕೊಳ್ಳುತ್ತಾರೆ, ಧೈರ್ಯಕ್ಕಾಗಿ ಪ್ರಾರ್ಥಿಸೋಣ. ಆಮೆನ್ ಆಮೆನ್ ಅಂದರು ಎಲ್ಲರೂ, ಪಾರ್ವತೆಮ್ಮ ಅತ್ತೇಬಿಟ್ಟರು, ಭಾಳ ದೊಡ್ಡ ಕೆಲಸ ಮಾಡಾಕತ್ತೀಯವಾ ನೀನು, ಮಂದಿ ನಿನ್ನ ಮುಂದ ಹೃದಯ ಬಿಚ್ಚತಾರ. ಮೈಯೆಲ್ಲ ಬೆಚ್ಚಗಾಯಿತು ನನಗೆ. ಹೇಳಿಬಿಡು ಕೃಪಾ, ಇಲ್ಲಿ ಯಾರೂ ಇಲ್ಲ, ಪ್ರಾರ್ಥನೆಗಾಗಿ ಹೇಳಿದೆಯಾ ನೀನು, ಇಲ್ಲ, ಸುಮತಿ ಅಕ್ಕನ ಹತ್ತಿರ ಬರುವ ಹಾಗೆ ನನ್ನ ಹತ್ತಿರವೂ ಬರುತ್ತಾರೆ ನೋಡಿ ಅಂತ ಹದಿನಾಲ್ಕು ಜನಕ್ಕೆ ತೋರಿಸಿದೆ, ಅವನ ಕಣ್ಣೀರನ್ನು ಕಿವಿಯೋಲೆ ಮಾಡಿ ಹಾಕಿಕೊಂಡು ಹೋಗಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಅಜ್ಜಿ ಹೇಳಿ ಹೇಳಿ ಸತ್ತಳು. ಸಭೆಯಲ್ಲಿ ಕರಾವಳಿಯವನು ಒಬ್ಬನೇ, ಇನ್ನು ಹೆಸರೇಕೆ, ಶೋಭಾ ಆಂಟಿ ಅದನ್ನು ತಮ್ಮನ ಮಗಳು ಅಪೂರ್ವಳಿಗೆ ಹೇಳಿದರು, ಚಾಡಿಯಲ್ಲ, ನಿಮ್ಮ ಆಫೀಸಿನ ಹುಡುಗನಂತೆ ಕಾಣಸ್ತದ, ನೀನೂ ಪ್ರಾರ್ಥನೆ ಮಾಡು ಅಂತ. ಅಪೂರ್ವ ಇರುವುದು ಅವನ ಆಫೀಸಿನಲ್ಲೇ, ಕಾಗದಪತ್ರ ಪರಿಶೀಲಿಸುವ ವಿಭಾಗದಲ್ಲಿ, ಗೊತ್ತಾದ ಮೇಲೆ ಸುಮ್ಮನಿದ್ದರೆ ಅವಳ ಕೆಲಸಕ್ಕೆ ಕುತ್ತು, ಅವಳದೇನು ತಪ್ಪು. ಯಾರೂ ಕೆಟ್ಟದ್ದು ಬಯಸಲಿಲ್ಲ, ಎಲ್ಲರೂ ಪ್ರಾರ್ಥಿಸಿದರು, ಶುಕ್ರವಾರ ಮಧ್ಯಾಹ್ನ ಅವನನ್ನು ಒಳಗೆ ಕರೆದು ಗುರುತಿನ ಚೀಟಿ ಇಸಿದುಕೊಂಡು ಮನೆಗೆ ಕಳಿಸಿದರು.

ಶನಿವಾರ ಅವನು ಇಲ್ಲಿಗೆ ಬಂದ, ಹೋದ ಶನಿವಾರ, ಅಕ್ಕ ಜ್ವರ ಬಿಟ್ಟು ಎದ್ದು ಬಂದಿದ್ದರು, ನಾನು ಪಕ್ಕದ ಸಣ್ಣ ಅಡುಗೆಮನೆಯಲ್ಲಿ ಚಹಾ ಕುದಿಸುತ್ತಿದ್ದೆ. ಕುಂದ್ರು ತಮ್ಮಾ ಅಂದರೂ ಕೂರಲಿಲ್ಲ ಅವನು. ನಾನು ಸೋಮವಾರ ಹೇಳ್ತಿದ್ದೆ ಆಂಟಿ, ಸೋಮವಾರ, ಮೂರೇ ದಿವಸ ಇತ್ತು, ಕನ್ನಡಿ ಎದುರು ನಿಂತು ಹೇಳಿ ಹೇಳಿ ಕಲಿತಿದ್ದೆ, ಕೆಲಸ ಹೋಗ್ತದೆ ಅಂತ ನನಗೆ ಗೊತ್ತಿತ್ತು, ಹೋಗ್ಲಿ ಅಂತಲೇ ಇದ್ದೆ, ಆದ್ರೆ ನನ್ನ ಬಾಯಿಂದ ಹೋಗ್ಬೇಕಿತ್ತು, ಈಗ ನಾನು ಯಾರು, ಸಿಕ್ಕಿಬಿದ್ದ ಕಳ್ಳ, ಇಲ್ಲ ಸರ್ ನಾನೇ ಹೇಳುವವನಿದ್ದೆ ಅಂದ್ರೆ ನಗಾಡಿದ್ರು ಅವರು, ಎಲ್ಲ ಕಳ್ಳರೂ ಹಾಗೇ ಹೇಳ್ತಾರಂತೆ. ನೀವೇ ಹೇಳಿದ್ದಲ್ವಾ ಆಂಟಿ, ಕೃಪಕ್ಕ ನಿಮಗೆ ಹೇಳಿರ್ತಾರೆ, ನೀವು ಯಾರಿಗೋ ಹೇಳಿದ್ರಿ. ನಾನು ಒಲೆಯ ಮುಂದೆ ಕಲ್ಲಾಗಿ ನಿಂತಿದ್ದೆ, ಅಕ್ಕನಿಗೆ ನಾನು ಒಂದಕ್ಷರ ಹೇಳಿರಲಿಲ್ಲ, ಅವರಿಗೆ ಏನೇನೂ ಗೊತ್ತಿರಲಿಲ್ಲ, ಒಂದು ಮಾತು ಅಂದಿದ್ದರೆ ಸಾಕಿತ್ತು, ನನಗ ಗೊತ್ತಿಲ್ಲಪ್ಪಾ ಅಂತ. ಅನ್ನಲಿಲ್ಲ. ಈ ಖೋಲಿಯಿಂದನ ಹೋಗೇತಿ ತಮ್ಮಾ, ಖೋಲಿ ನಂದು, ಬೈ ನೀನು, ನಾ ಕೇಳತೀನಿ. ಅವನು ಬೈದ, ಅಳುತ್ತಳುತ್ತ ಬೈದ, ಬಿಳಿ ಕೂದಲಿನ ಆ ಹೆಂಗಸು ಇದೇ ಮೋಡಾದ ಮೇಲೆ ಕೂತು ತಲೆಯೆತ್ತಿ ಪ್ರತಿಯೊಂದು ಮಾತನ್ನೂ ತೆಗೆದುಕೊಂಡಳು, ನನ್ನ ಪಾಲಿನದನ್ನು. ಚಹಾ ತೆಗೆದುಕೊಂಡು ಹೋದೆ, ಕಪ್ಪು ಸಾಸರಿನ ಮೇಲೆ ಗಲಗಲ ಅನ್ನುತ್ತಿತ್ತು, ಇಟ್ಟೆ, ಬಂದೆ. ಬಂದೇಬಿಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಾದರೂ ವಾಸಿ, ನಾನು ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ.

ಭಾನುವಾರ ಚರ್ಚಿನಲ್ಲಿ ಕರ್ತನ ಭೋಜನದ ರೊಟ್ಟಿ ದ್ರಾಕ್ಷಾರಸಕ್ಕೆ ಎಲ್ಲರೂ ಮುಂದೆ ಹೋದರು, ತಪ್ಪು ಮುಚ್ಚಿಟ್ಟುಕೊಂಡು ಅದನ್ನು ಮುಟ್ಟಬಾರದು, ನಾನು ಬೆಂಚಿನಲ್ಲೇ ಕೂತೆ, ಅಕ್ಕ ತಿರುಗಿ ಒಮ್ಮೆ ನೋಡಿದರು ಅಷ್ಟೇ. ಸೋಮವಾರ ಹೋಯಿತು, ಅವನ ಸೋಮವಾರ. ಗುರುವಾರ ಸಂಜೆ ಅಕ್ಕನ ಫೋನು, ಸುಲ್ತಾನ್ ಬಜಾರ್‌ಗೆ ಬಾರವಾ, ಕುರ್ಚಿ ದಿಂಬಿಗೆ ಅರಿವಿ ತರೂಣು. ಆ ಜನಜಂಗುಳಿಯ ನಡುವೆ ಕೆಂಪು ಬಟ್ಟೆ ಹಿಡಿದು ಅಂಗಡಿಯವನ ಜೊತೆ ಜಗಳ, ರಂಗ್ ನಹೀ ಜಾತಾ ಅಮ್ಮಾ ಅಂತಾನೆ ಅವನು, ಬಣ್ಣ ಬಿಡುವುದಿಲ್ಲ ಅಂತ, ತೂ ನಕ್ಕೋ ಬೋಲ್, ಪಾನಿ ಬೋಲೇಗಾ, ನೀನು ಹೇಳಬೇಡ ನೀರು ಹೇಳುತ್ತದೆ ಅಂತಾರೆ ಇವರು, ನನ್ನ ಬಾಯಿಂದ ಬಂದೇಬಿಟ್ಟಿತು, ಅಕ್ಕಾ, ಅದು ನಾನು, ಬುಧವಾರ, ಶೋಭಾ ಆಂಟಿ ಮನೆಯಲ್ಲಿ. ಅಕ್ಕ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದರು. ಗೊತ್ತೈತಿ, ಅಂದರು. ಯಾವಾಗಿಂದ ಅಕ್ಕಾ? ನೀ ಚಾ ತಂದಾಗಿಂದ, ಕಪ್ಪು ಮಾತಾಡತಿತ್ತಲ್ಲ. ಮತ್ತೆ ಯಾಕೆ ಕೇಳಲಿಲ್ಲ ನೀವು, ಐದು ದಿನ ಆಯಿತು, ಅವನು ನಿಮ್ಮನ್ನು ಅಷ್ಟೆಲ್ಲ ಅಂದ, ಕೆನ್ನೆಗೆ ಎರಡು ಕೊಟ್ಟು ಕೇಳಬಾರದಿತ್ತೇ. ಆಗ ಬಟ್ಟೆ ಕೆಳಗಿಟ್ಟರು, ನನ್ನ ಮುಖ ನೋಡಿದರು, ಕೇಳಿದ್ರ, ನಾ ಕೇಳಿದ್ದಕ್ಕ ನೀ ಹೇಳತಿದ್ದಿ, ಆ ಹುಡುಗನ ಕಡೆಯಿಂದ ಹೇಳೂದನ್ನ ಒಮ್ಮಿ ಕಸಗೊಂಡಾತು, ನಿನ್ನ ಕಡೆಯಿಂದನೂ ಕಸಗೋಬೇಕೇನು ನಾನು? ಜನ ನೂಕುತ್ತಿದ್ದರು, ಯಾರದೋ ಚೀಲ ಬೆನ್ನಿಗೆ ಬಡಿಯಿತು, ನಾನು ಬಜಾರಿನ ನಡುವೆ ನಿಂತು ಹೋ ಅಂತ ಅತ್ತೆ, ಎರಡು ವರ್ಷದ ಡಿಪ್ಲೊಮಾದಲ್ಲಿ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ, ಒಬ್ಬರು ತಾವಾಗಿ ಹೇಳಲಿ ಅಂತ ಇನ್ನೊಬ್ಬರು ಬೈಸಿಕೊಂಡು ಕಾಯಬಹುದು ಅಂತ. ನನಗೆ ಈ ಹೆಂಗಸಿನ ಕಾಲು ಮುಟ್ಟಬೇಕು ಅನ್ನಿಸಿತು. ಅಕ್ಕ ಸೆರಗಿನಿಂದ ನನ್ನ ಮೂಗು ಒರೆಸಿದರು, ಸಣ್ಣ ಮಗುವಿಗೆ ಒರೆಸುವ ಹಾಗೆ, ಸಾಕು ಸಾಕು, ಈಗ ಯಾರ ಮನಿಗೆ ಹೋಗಬೇಕು ಹೇಳು.

ನಿನ್ನೆ ಬೆಳಿಗ್ಗೆ ಫೋನ್ ಮಾಡಿದೆ. ಎಲ್ಲಿಗೆ ಬರಬೇಕೆಂದರೆ ಅಲ್ಲಿಗೆ ಬರುತ್ತೇನೆ ರೋಹಿತ, ನಿಮ್ಮ ಮನೆಗೇ ಬರುತ್ತೇನೆ, ನಿಮಗೆ ಒಂದು ಮಾತು ಹೇಳಬೇಕು ನಾನು. ಬೇಡ ಅಕ್ಕ, ರೂಮಲ್ಲಿ ಹುಡುಗರಿದ್ದಾರೆ, ನಾನೇ ಬರ್ತೇನೆ ಖೋಲಿಗೆ, ಅಂದ, ಅವನೂ ಖೋಲಿ ಅಂದ. ಆಮೇಲೆ, ಭೀಮಾಶಂಕರನ ಹತ್ತಿರ ಹೋಗಿ ಬಂದೆ ಅಕ್ಕ, ದಿಲ್‌ಸುಖ್ ನಗರದಲ್ಲಿದ್ದಾನೆ, ಅದನ್ನೊಂದು ಮಾತ್ರ ನನಗಿಂತ ಮೊದಲು ಯಾರೂ ಹೇಳಿರ್ಲಿಲ್ಲ. ನಗುತ್ತಲೇ ಅಂದ. ಆ ನಗುವಿಗಿಂತ ಚಪ್ಪಲಿಯಿಂದ ಹೊಡೆದಿದ್ದರೆ ಚೆನ್ನಾಗಿತ್ತು. ಇವತ್ತು ಅವನು ಕೂಗಬಹುದು, ಎದ್ದು ಹೋಗಬಹುದು, ಚರ್ಚಿಗೆ ಇನ್ನೆಂದೂ ಬರದೇ ಇರಬಹುದು, ನನ್ನಿಂದ ಒಬ್ಬ ಒಳ್ಳೆಯವನು ಯಾರೆದುರೂ ಬಾಯಿ ಬಿಡದವನಾಗಿಬಿಟ್ಟರೆ — ಕ್ಷಮಿಸು ಅಂತ ಕೇಳಬಾರದು ಅಂದಿದ್ದಾರೆ ಅಕ್ಕ, ಮೊದಲ ನೀ ಮಾಡಿದ್ದು ಹೇಳು, ಕ್ಷಮಾ ಅವನ ಕೈಯಾಗ ಐತಿ, ಕೈ ತಿರುವಿ ಕಸಗೋಬ್ಯಾಡ. ಪುಂಡಿಯ ಕಡ್ಡಿ ಸದ್ದು ನಿಂತಿತು. ಬಾ ತಮ್ಮಾ, ಒಳಗ ಅದಾಳ ನೋಡು. ಶೂ ಬಿಚ್ಚುತ್ತಿದ್ದಾನೆ, ಒಂದು, ಎರಡು, ಬಾಗಿಲು, ಉದ್ದ ಕಾಲು, ಗಡ್ಡ ಬಂದಿದೆ, ವಾರದಲ್ಲಿ ಇಷ್ಟು ಇಳಿದುಹೋಗಿದ್ದಾನಲ್ಲ. ನಾನು ಮೋಡಾದಿಂದ ಎದ್ದೆ, ಕೂತ್ಕೊಳ್ಳಿ ಅಂತ ಅಭ್ಯಾಸದ ಮೇಲೆ ಕುರ್ಚಿಗೆ ಕೈ ತೋರಿಸಿದೆ, ಹೊಸ ಕೆಂಪು ದಿಂಬು, ಬಿಸಿಲು ಇನ್ನೂ ಎಡಗೈಯ ಮೇಲೇ ಇದೆ. ಅವನು ಕುರ್ಚಿ ನೋಡಿದ, ನನ್ನನ್ನು ನೋಡಿದ, ಹೇಳುವುದು ಇವತ್ತು ನೀವಲ್ವಾ ಅಕ್ಕ, ಅಂದ, ಅಂದು ನನ್ನ ಪಕ್ಕದಿಂದ ಬಂದು ಆ ಗಿಡ್ಡ ಮೋಡಾದ ಮೇಲೆ ಕೂತ, ಮೊಣಕಾಲು ಎದೆಗೆ ಬಂದವು ಅವನಿಗೆ, ಕಷ್ಟಪಟ್ಟು ಕಾಲು ಮಡಿಚಿಕೊಂಡ. ನನಗೆ ಬೇರೆ ಜಾಗ ಉಳಿಯಲಿಲ್ಲ. ಕೂತೆ. ಎಷ್ಟು ಎತ್ತರ ಇದು, ಕೆಳಗಿನಿಂದ ಇಷ್ಟು ಎತ್ತರ ಕಾಣುತ್ತಿರಲಿಲ್ಲ, ಅವನ ಮುಖ ಕೆಳಗಿದೆ, ತಲೆಯೆತ್ತಿ ಕಾಯುತ್ತಿದ್ದಾನೆ, ಹೇಳಿ ಅಕ್ಕ, ಅನ್ನುತ್ತಿದ್ದಾನೆ, ರೋಹಿತ, ಆ ಬುಧವಾರ, ಬುಧವಾರ ಸಂಜೆ ನಾನು — ಹೆಬ್ಬೆರಳ ಕೆಳಗೆ ನುಣ್ಣಗಿದೆ, ಬೆಚ್ಚಗಿದೆ, ಅಲ್ಲಿ ಪಾಲಿಶ್ ಇಲ್ಲ, ನನ್ನ ಹೆಬ್ಬೆರಳು ಅದರಲ್ಲಿ ಸರಿಯಾಗಿ ಕೂರುತ್ತದೆ.